ಶಾರ್ದೂಲ ನೌಕೆಯ ಸೇವಾವೃತ್ತಾಂತ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳವರಿಗೆ ಸಮುದ್ರವೆಂಬುದು ಬಹುಮಟ್ಟಿಗೆ ಕಥೆಯಲ್ಲಿ ಕೇಳಿದ ವಸ್ತು. ಇಲ್ಲಿಯ ಜನರು ಬಲ್ಲ ಜಲವೆಂದರೆ ಕಾವೇರಿಯ ಮಡುವು, ಸುವರ್ಣಾವತಿಯ ಪ್ರವಾಹ, ಕೆರೆಯ ಕೋಡಿ, ಇಷ್ಟೇ. ಅವರು ಬಲ್ಲ ನೌಕೆಯೆಂದರೆ ಹೊಗೇನಕಲ್ಲಿನಲ್ಲಿ ಸುತ್ತುತ್ತ ಸಾಗುವ ಹರಿಗೋಲು. ಇಂತಹ ಒಳನಾಡಿನವರಿಗೆ ಒಂದು ಯುದ್ಧನೌಕೆಯ ಚರಿತ್ರೆಯಿಂದ ಪ್ರಯೋಜನವೇನೆಂದು ಕೇಳಿದರೆ ಆ ಪ್ರಶ್ನೆಯು ಅನುಚಿತವಲ್ಲ. ಆದರೆ ಕಡಲಿನಿಂದ ನೂರಾರು ಮೈಲಿ ದೂರದಲ್ಲಿರುವ ಮನೆಯ ಅಕ್ಕಿ, ಎಣ್ಣೆ, ಔಷಧಗಳು ಮಾತ್ರವಲ್ಲದೆ, ಆಪತ್ಕಾಲದಲ್ಲಿ ಉಸಿರಾಡುವ ಗಾಳಿಯೂ ಕಡಲಿನ ಮಾರ್ಗವಾಗಿ ಬರಬೇಕಾದೀತೆಂಬುದನ್ನು 2021ನೆಯ ಇಸವಿಯು ಈ ಜಿಲ್ಲೆಗೆ ಬಹು ಕಠಿನವಾದ ರೀತಿಯಲ್ಲಿ ಕಲಿಸಿತು. ಆ ಕಾರಣದಿಂದ, ಕನ್ನಡನಾಡಿನ ಕಾರವಾರದಲ್ಲಿ ಸೇವೆಗೆ ಸೇರಿದ ‘ಶಾರ್ದೂಲ’ವೆಂಬ ನೌಕೆಯ ವೃತ್ತಾಂತವನ್ನು ತಿಳಿಯುವುದು ಅಪ್ರಸ್ತುತವಾಗಲಾರದು.

ಮೊದಲು ಹೆಸರಿನ ವಿಚಾರ. ಅಮರಸಿಂಹನ ಕೋಶದಲ್ಲಿ ಶಾರ್ದೂಲವು ವ್ಯಾಘ್ರಕ್ಕೆ ಪರ್ಯಾಯಪದವಾಗಿ ಬಂದಿದೆ. ಸಮಾಸದ ಕೊನೆಯಲ್ಲಿ ನಿಂತಾಗ ಅದೇ ಶಬ್ದವು ಶ್ರೇಷ್ಠನೆಂಬ ಅರ್ಥವನ್ನು ಕೊಡುವುದರಿಂದ ‘ನರಶಾರ್ದೂಲ’, ‘ರಾಜಶಾರ್ದೂಲ’ ಎಂಬ ಪ್ರಯೋಗಗಳು ಇತಿಹಾಸಪುರಾಣಗಳಲ್ಲಿ ಹೇರಳವಾಗಿವೆ. ಹುಲಿಯು ಈ ಸೀಮೆಗೆ ಹೊಸದಲ್ಲ. ಹನೂರಿನ ಆಚೆಯ ಏಳುಮಲೆಯ ಮಾದೇಶ್ವರನಿಗೆ ಹುಲಿಯೇ ವಾಹನ. ಯಳಂದೂರಿನ ಮೇಲೆ ನಿಂತಿರುವ ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿಗಳ ರಕ್ಷಿತಾರಣ್ಯವೆಂದು ಘೋಷಿತವಾಯಿತು. ಉಗ್ರಮೃಗವು ದೇವರ ವಾಹನವಾಗಿ ಭಕ್ತರಿಗೆ ಅಭಯಕೊಡುವುದೆಂಬ ಭಾವನೆಯು ಇಲ್ಲಿಯ ಮಕ್ಕಳಿಗೆ ತೊಟ್ಟಿಲಿನಿಂದಲೇ ಪರಿಚಿತ. ಯುದ್ಧಕ್ಕಾಗಿ ಕಟ್ಟಿದ ನೌಕೆಯೊಂದು ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಪ್ರಾಣವಾಯುವನ್ನೂ ಹೊತ್ತು ತಂದ ಕಥೆಯನ್ನು ಗ್ರಹಿಸಲು ಇದಕ್ಕಿಂತ ತಕ್ಕ ಪೂರ್ವಸಂಸ್ಕಾರವು ಬೇರೆ ಬೇಕಾಗಿಲ್ಲ. ಶಾರ್ದೂಲದೊಡನೆ ಒಂದೇ ಮಾದರಿಯಲ್ಲಿ ನಿರ್ಮಿತವಾದ ಇನ್ನೆರಡು ಹಡಗುಗಳಿಗೆ ‘ಕೇಸರಿ’, ‘ಐರಾವತ’ ಎಂದು ಹೆಸರು. ಐರಾವತವು ಕ್ಷೀರಸಾಗರದ ಮಥನದಿಂದಲೇ ಹುಟ್ಟಿದ ಗಜವಾದುದರಿಂದ ಕಡಲ ಹಡಗಿಗೆ ಆ ಹೆಸರು ವಿಶೇಷವಾಗಿ ಒಪ್ಪುತ್ತದೆ.

ಈ ಜಾತಿಯ ಹಡಗು ಲೋಕದಲ್ಲಿ ಹುಟ್ಟಿದ ಸಂದರ್ಭವನ್ನು ಸಂಕ್ಷೇಪವಾಗಿ ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ, 1940ನೆಯ ಇಸವಿ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಜರ್ಮನರ ಮುತ್ತಿಗೆಗೆ ಸಿಕ್ಕಿದ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಡಂಕರ್ಕ್ ಎಂಬ ಕರಾವಳಿಯಿಂದ ಹಡಗು ದೋಣಿಗಳಲ್ಲಿ ಪಾರಾದರು. ಉಳಿದು ಬಂದವರು 3,38,000ಕ್ಕಿಂತ ಹೆಚ್ಚು ಮಂದಿ. ಆದರೆ ಅವರ ಫಿರಂಗಿಗಳೂ, ಟ್ಯಾಂಕುಗಳೆಂಬ ಉಕ್ಕಿನ ಕವಚದ ರಣರಥಗಳೂ ಆ ಮರಳಿನಲ್ಲಿಯೇ ಉಳಿದುಹೋದವು. ಮನುಷ್ಯನು ನೀರಿಗಿಳಿದು ನಡೆದಾದರೂ ದೋಣಿಯನ್ನು ಹತ್ತಬಹುದು. ಇಪ್ಪತ್ತು ಮೂವತ್ತು ಟನ್ನು ತೂಗುವ ಟ್ಯಾಂಕನ್ನು ಹತ್ತಿಸುವುದಾಗಲಿ ಇಳಿಸುವುದಾಗಲಿ ಬಂದರುಕಟ್ಟೆಯಿಲ್ಲದೆ ಆಗದು. ಶತ್ರುವು ತನ್ನ ಬಂದರನ್ನು ಬಿಟ್ಟುಕೊಡುವವನಲ್ಲ. ಆದುದರಿಂದ ಬಂದರಿನ ಹಂಗಿಲ್ಲದೆ ಬರಿಯ ಮರಳುದಂಡೆಗೆ ತಾನೇ ಮೂತಿಯಿಟ್ಟು ಬಾಯ್ತೆರೆದು ಟ್ಯಾಂಕುಗಳನ್ನು ಇಳಿಸಬಲ್ಲ ಹಡಗೊಂದು ಬೇಕಾಯಿತು.

ವೆನಿಜುವೇಲಾ ದೇಶದ ಮಾರಕೈಬೊ ಸರೋವರದ ಬಾಯಲ್ಲಿ ನೀರು ಆಳವಿಲ್ಲ. ಅಲ್ಲಿ ಸಂಚರಿಸುವುದಕ್ಕಾಗಿ ತಳ ತೇಲಿಸಿ ಕಟ್ಟಿದ್ದ ಮೂರು ಎಣ್ಣೆಯ ಹಡಗುಗಳನ್ನು ಬ್ರಿಟಿಷರು ತೆಗೆದುಕೊಂಡು, ಮುಂಭಾಗವನ್ನು ಕತ್ತರಿಸಿ ಬಾಗಿಲಿಟ್ಟರು. ಅವುಗಳಲ್ಲಿ ಒಂದಾದ ‘ಬಚಕೇರೊ’ 1942ರ ಮೇ ತಿಂಗಳಲ್ಲಿ ಮಡಗಾಸ್ಕರ್ ದ್ವೀಪದ ಉತ್ತರದ ತುದಿಯಲ್ಲಿರುವ ಡಿಯೇಗೊ ಸುವಾರೆಜ್ ಎಂಬ ಪಟ್ಟಣವನ್ನು ಹಿಡಿಯಲು ಹೋದ ಬ್ರಿಟಿಷ್ ದಂಡಿನೊಡನಿತ್ತು. ಆ ಊರಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಶಾರ್ದೂಲದ ಕಥೆಯಲ್ಲಿ ಅದು ಮತ್ತೆ ಬರುತ್ತದೆ. ಇಷ್ಟರಲ್ಲಿ ಅಮೆರಿಕದ ನೌಕಾಶಿಲ್ಪಿ ಜಾನ್ ನೀಡರ್‌ಮೇರ್ ಎಂಬಾತನು 1941ರ ನವೆಂಬರಿನಲ್ಲಿ ಹೊಸ ಹಡಗೊಂದರ ನಕ್ಷೆಯನ್ನು ಬರೆದನು. 328 ಅಡಿ ಉದ್ದದ ಆ ಮಾದರಿಯ ಹಡಗುಗಳನ್ನು ಯುದ್ಧವು ಮುಗಿಯುವುದರೊಳಗಾಗಿ ಅಮೆರಿಕದವರು ಸಾವಿರಕ್ಕೂ ಮಿಕ್ಕಿ ಕಟ್ಟಿದರು.

ಇಂತಹ ಹಡಗಿನ ಮರ್ಮವು ಹರಿಗೋಲನ್ನು ಕಂಡವರಿಗೆ ಬೇಗ ತಿಳಿಯುತ್ತದೆ. ಚೂಪಾದ ತಳದ ದೋಣಿಯು ಆಳವಾದ ನೀರಿನಲ್ಲಿ ಸೊಗಸಾಗಿ ಸೀಳಿಕೊಂಡು ಹೋಗುವುದು, ಆದರೆ ಬಂಡೆಗಳ ನಡುವಣ ತೆಳುನೀರಿನಲ್ಲಿ ಸಿಕ್ಕಿಬೀಳುವುದು. ಚಪ್ಪಟೆ ತಳದ ಹರಿಗೋಲು ಮೊಣಕಾಲುದ್ದದ ನೀರಿನ ಮೇಲೂ ತೇಲುವುದು, ಆದರೆ ಅಲೆ ಗಾಳಿಗಳ ಮುಂದೆ ನೆಟ್ಟಗೆ ನಿಲ್ಲದು. ಸಾಗರವನ್ನು ದಾಟುವ ಗುಣವನ್ನೂ ದಂಡೆಯನ್ನೇರುವ ಗುಣವನ್ನೂ ಒಂದೇ ಒಡಲಿನಲ್ಲಿ ಸೇರಿಸಬೇಕಾದಾಗ ಶಿಲ್ಪಿಯು ಹೂಡಿದ ಉಪಾಯವಿದು: ಹಡಗಿನ ಹೊಟ್ಟೆಯಲ್ಲಿ ದೊಡ್ಡ ದೊಡ್ಡ ನೀರಿನ ತೊಟ್ಟಿಗಳಿರುತ್ತವೆ. ಕಡಲನ್ನು ದಾಟುವಾಗ ಅವುಗಳಲ್ಲಿ ನೀರನ್ನು ತುಂಬಿ ಭಾರಮಾಡುತ್ತಾರೆ. ಹಡಗು ಆಳವಾಗಿ ಕುಳಿತು ಸ್ಥಿರವಾಗುತ್ತದೆ. ದಡವು ಹತ್ತಿರವಾದಾಗ ಆ ನೀರನ್ನು ಹೊರಕ್ಕೆ ತಳ್ಳುತ್ತಾರೆ; ಹಡಗು ಹಗುರಾಗಿ ಮೇಲೇಳುತ್ತದೆ, ಮುಂಭಾಗವು ಹಿಂಭಾಗಕ್ಕಿಂತ ಹೆಚ್ಚಾಗಿ ಏಳುತ್ತದೆ. ದಡಕ್ಕೆ ಸ್ವಲ್ಪ ದೂರವಿರುವಾಗಲೇ ಹಿಂಭಾಗದ ಲಂಗರನ್ನು ನೀರಿಗೆ ಬಿಟ್ಟು ಮುಂದಕ್ಕೆ ನುಗ್ಗುತ್ತಾರೆ. ಮೂತಿಯು ಮರಳನ್ನು ಮುಟ್ಟಿದೊಡನೆ ಬಾಗಿಲು ತೆರೆದು ಇಳಿಜಾರು ಹಲಗೆಯು ಚಾಚಿಕೊಳ್ಳುತ್ತದೆ. ಕೆಲಸವು ಮುಗಿದ ಮೇಲೆ ಹಿಂದೆ ಬಿಟ್ಟಿದ್ದ ಲಂಗರಿನ ಹಗ್ಗವನ್ನು ಸುತ್ತಿಕೊಳ್ಳುತ್ತ ಹಡಗು ತನ್ನನ್ನು ತಾನೇ ಹಿಂದಕ್ಕೆಳೆದುಕೊಳ್ಳುತ್ತದೆ.

ಆದರೆ ಈ ಉಪಾಯದಲ್ಲಿ ಒಂದು ದುರ್ಬಲಸ್ಥಾನವುಂಟು. ಹಲಗೆಯ ತುದಿಗೂ ಒಣನೆಲಕ್ಕೂ ನಡುವೆ ಉಳಿಯುವ ಅಂತರವೇ ಅದು. ಸಾವಿರ ಮೈಲಿಯನ್ನು ದಾಟಿ ಬಂದ ಹಡಗಿನ ಶ್ರಮವೆಲ್ಲವೂ ಆ ಕೆಲವು ಗಜಗಳಲ್ಲಿ ವ್ಯರ್ಥವಾಗಬಹುದು. ಭಾರತದ ನೌಕಾಪಡೆಯು ಈ ಪಾಠವನ್ನು ಸ್ವಾನುಭವದಿಂದಲೇ ಕಲಿಯಿತು.

ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ಟ್ಯಾಂಕು ಇಳಿಸುವ ಹಡಗು ‘ಮಗರ’. ಬ್ರಿಟಿಷರ ಕೈಯಿಂದ 1949ರಲ್ಲಿ ಬಂದದ್ದು. ಅನಂತರ ಪೋಲೆಂಡ್ ದೇಶದಲ್ಲಿ ಕಟ್ಟಿದ ಚಿಕ್ಕ ಹಡಗುಗಳು ಬಂದವು. ‘ಶಾರ್ದೂಲ’ವೆಂಬ ಹೆಸರನ್ನು ಮೊದಲು ಹೊತ್ತದ್ದು ಅವುಗಳಲ್ಲೊಂದು. 1971ರ ಡಿಸೆಂಬರ್ ಯುದ್ಧದ ಕಡೆಯ ದಿನಗಳಲ್ಲಿ ಪೂರ್ವಬಂಗಾಳದ ಕಾಕ್ಸ್ ಬಜಾರಿನ ಬಳಿ ಸೈನ್ಯವನ್ನಿಳಿಸಲು ‘ಘರಿಯಾಲ’, ‘ಗುಲ್ದಾರ’ ಎಂಬ ಎರಡು ಹಡಗುಗಳು ಗೂರ್ಖಾ ಯೋಧರನ್ನು ಹೊತ್ತು ಹೋದವು. ದಡಕ್ಕೆ ಮುಂಚೆಯೇ ನೀರಿನೊಳಗೆ ಮರಳುದಿಣ್ಣೆಯೊಂದಿತ್ತು. ಹಡಗು ಅದಕ್ಕೆ ತಗುಲಿ ನಿಂತಿತು. ಇದೇ ದಂಡೆಯೆಂದು ಇಳಿದರೆ, ದಿಣ್ಣೆಯ ಆಚೆ ನೀರು ಮತ್ತೆ ಆಳವಾಗಿತ್ತು. ಬೆಟ್ಟದ ನಾಡಿನಿಂದ ಬಂದ ಆ ಯೋಧರಲ್ಲಿ ಪ್ರಾಣಹಾನಿಯಾಯಿತು. ಅವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ, ಹಡಗಿಗೂ ದಡಕ್ಕೂ ನಡುವಣ ನೀರು. ಸಾಗರದ ಆಳವನ್ನು ಬಲ್ಲವರು ದಡದ ಆಳವನ್ನು ತಿಳಿಯದಿದ್ದರೆ ಆಗುವ ಅನರ್ಥಕ್ಕೆ ಇದೇ ನಿದರ್ಶನ.

ಇನ್ನು ಇಂದಿನ ಶಾರ್ದೂಲದ ಕಥೆ. ಇದು ಹೊರದೇಶದಿಂದ ಕೊಂಡ ಹಡಗಲ್ಲ; ಕಲ್ಕತ್ತೆಯ ಗಾರ್ಡನ್ ರೀಚ್ ಕಾರ್ಖಾನೆಯಲ್ಲಿ ನಿರ್ಮಿತವಾದದ್ದು. 2004ರಲ್ಲಿ ನೀರಿಗಿಳಿದು, 2007ನೆಯ ಇಸವಿ ಜನವರಿ 4ನೆಯ ತಾರೀಖು ಕಾರವಾರದಲ್ಲಿ ಆಗಿನ ರಕ್ಷಣಾಮಂತ್ರಿಗಳಾದ ಎ. ಕೆ. ಆಂಟನಿಯವರ ಸಮ್ಮುಖದಲ್ಲಿ ನೌಕಾಪಡೆಯ ಸೇವೆಗೆ ಸೇರಿತು. ಕಾರವಾರದ ನೌಕಾನೆಲೆಗೆ 1986ರಲ್ಲಿ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದ್ದರು. 2005ರಲ್ಲಿ ಕಾರ್ಯಾರಂಭವಾದಾಗ ಅದಕ್ಕೆ ‘ಕದಂಬ’ವೆಂದು ಹೆಸರಿಟ್ಟರು. ಬನವಾಸಿಯಲ್ಲಿ ನೆಲೆಸಿ ಪಶ್ಚಿಮದ ಕರಾವಳಿಯನ್ನಾಳಿದ ಕನ್ನಡದ ಆದಿರಾಜವಂಶದ ಹೆಸರು ನೌಕಾನೆಲೆಯೊಂದಕ್ಕೆ ಸಂದಿತೆಂಬುದು ಕನ್ನಡಿಗರೆಲ್ಲರಿಗೂ ಸಂತೋಷದ ಸಂಗತಿ. ಆ ನೆಲೆಯನ್ನು ತನ್ನ ಮನೆಯನ್ನಾಗಿ ಪಡೆದು ಬಂದ ಮೊದಲ ಹಡಗು ಶಾರ್ದೂಲ.

ಇದರ ಉದ್ದವು ಸುಮಾರು 125 ಮೀಟರು, ಅಗಲವು 17 ಮೀಟರಿಗೂ ಸ್ವಲ್ಪ ಹೆಚ್ಚು. ಸ್ಥಾನಪಲ್ಲಟ ಮಾಡುವ ನೀರಿನ ತೂಕವು ಸುಮಾರು 5,600 ಟನ್ನು. ಹನ್ನೊಂದು ದೊಡ್ಡ ಟ್ಯಾಂಕುಗಳನ್ನೂ, ಹತ್ತು ಭಾರವಾಹನಗಳನ್ನೂ, ಐನೂರು ಮಂದಿ ಯೋಧರನ್ನೂ ಒಂದೇ ಸಲಕ್ಕೆ ಕೊಂಡೊಯ್ಯಬಲ್ಲದು. ಹಿಂಭಾಗದಲ್ಲಿ ಹೆಲಿಕಾಪ್ಟರು ಇಳಿಯುವ ಅಂಗಳವಿದೆ. ಗಾಯಾಳುಗಳ ಉಪಚಾರಕ್ಕೆ ಏರ್ಪಾಡುಂಟು. ವೇಗದಲ್ಲಿ ಇದು ಹುಲಿಯೆನ್ನುವಂತಿಲ್ಲ. ಗಂಟೆಗೆ 16 ನಾಟ್, ಎಂದರೆ ಸುಮಾರು 30 ಕಿಲೋಮೀಟರು. ಸರಕನ್ನು ಹೊತ್ತ ಎತ್ತಿನ ನಿಧಾನ ಇದರದು. ಆದರೆ ಎತ್ತಿನಂತೆಯೇ ಹೊತ್ತದ್ದನ್ನು ಮುಟ್ಟಿಸುವ ಜಾತಿ. ಇಷ್ಟು ಸಿದ್ಧತೆಯೊಡನೆ ರಣಕಾರ್ಯಕ್ಕೆಂದು ನಿರ್ಮಿತವಾದ ಈ ಹಡಗಿನ ಹೆಸರು ಲೋಕಕ್ಕೆ ತಿಳಿದದ್ದು ಮಾತ್ರ ರಣದಿಂದಲ್ಲ. ಟ್ಯಾಂಕಿಗೆಂದು ಮಾಡಿದ ವಿಶಾಲವಾದ ಒಡಲಿನಲ್ಲಿ ಏನನ್ನು ಬೇಕಾದರೂ ತುಂಬಬಹುದೆಂಬ ಸರಳವಾದ ಕಾರಣವೇ ಅದಕ್ಕೆ ಬೇರೊಂದು ಚರಿತ್ರೆಯನ್ನು ಕೊಟ್ಟಿತು.

2020ನೆಯ ಇಸವಿಯ ಆರಂಭದಲ್ಲಿ ಮಡಗಾಸ್ಕರ್ ದ್ವೀಪದ ಉತ್ತರಭಾಗವು ಅತಿವೃಷ್ಟಿಯಿಂದ ಪೀಡಿತವಾಯಿತು. ಆಗ ಶಾರ್ದೂಲವು 600 ಟನ್ನು ಅಕ್ಕಿಯನ್ನು ಹೊತ್ತು ಹಿಂದೂಮಹಾಸಾಗರವನ್ನು ದಾಟಿ, ಮಾರ್ಚ್ 10ನೆಯ ತಾರೀಖು ಅಂತ್ಸಿರಾನಾನಾ ಎಂಬ ಬಂದರನ್ನು ಸೇರಿತು. ಈ ಅಂತ್ಸಿರಾನಾನಾ ಬೇರೆ ಊರಲ್ಲ. ಹಿಂದೆ ಹೇಳಿದ ಡಿಯೇಗೊ ಸುವಾರೆಜ್ ಪಟ್ಟಣದ ಇಂದಿನ ಹೆಸರೇ ಇದು. 1942ರಲ್ಲಿ ಈ ಜಾತಿಯ ಹಡಗುಗಳ ಪೂರ್ವಜನು ಯುದ್ಧಸಾಮಗ್ರಿಯನ್ನಿಳಿಸಲು ಹೋದ ಸೀಮೆಗೆ 78 ವರ್ಷಗಳ ತರುವಾಯ ಅದರ ಭಾರತೀಯ ವಂಶಜನು ಅಕ್ಕಿಯ ಮೂಟೆಗಳನ್ನು ಇಳಿಸಿತು. ಮಡಗಾಸ್ಕರದವರಿಗೂ ಕನ್ನಡಿಗರಂತೆ ಅನ್ನವೇ ಪ್ರಧಾನ ಆಹಾರವೆಂಬುದನ್ನು ನೆನೆದರೆ ಈ ಕಾಣಿಕೆಯ ಬೆಲೆಯು ಇನ್ನೂ ಚೆನ್ನಾಗಿ ತಿಳಿಯುವುದು.

ಅಷ್ಟರಲ್ಲಿ ಕೋವಿಡ್ ಎಂಬ ಮಹಾಮಾರಿಯು ಲೋಕವನ್ನೆಲ್ಲ ಆವರಿಸಿತು. ವಿಮಾನಗಳು ನಿಂತವು; ಪರದೇಶಗಳಲ್ಲಿ ಜೀವನೋಪಾಯಕ್ಕೆ ಹೋಗಿದ್ದ ಭಾರತೀಯರು ಅಲ್ಲಲ್ಲಿಯೇ ಸಿಕ್ಕಿಕೊಂಡರು. ಅವರನ್ನು ಕರೆತರಲು ನೌಕಾಪಡೆಯು ಕೈಗೊಂಡ ಕಾರ್ಯಕ್ಕೆ ‘ಸಮುದ್ರಸೇತು’ವೆಂದು ಹೆಸರಾಯಿತು. ಜಲಾಶ್ವ, ಐರಾವತ, ಮಗರವೆಂಬ ಹಳೆಯ ಹೆಸರನ್ನು ಮುಂದುವರಿಸಿದ ಇನ್ನೊಂದು ಹಡಗು, ಶಾರ್ದೂಲ ಇವು ಸೇರಿ ಒಟ್ಟು 3,992 ಮಂದಿಯನ್ನು ತಾಯ್ನಾಡಿಗೆ ಮುಟ್ಟಿಸಿದವು. ಅವರಲ್ಲಿ ಇರಾನಿನ ಬಂದರ್ ಅಬ್ಬಾಸಿನಿಂದ 233 ಮಂದಿಯನ್ನು ಜೂನ್ 8ರಂದು ಹತ್ತಿಸಿಕೊಂಡು 11ರಂದು ಗುಜರಾತಿನ ಪೋರಬಂದರಿನಲ್ಲಿ ಇಳಿಸಿದ್ದು ಶಾರ್ದೂಲ. ಸೇತುವೆಂಬ ಹೆಸರು ಸಾರ್ಥಕವಾದುದೇ ಸರಿ. ಶಿವನಸಮುದ್ರದಲ್ಲಿ ಕಾವೇರಿಯ ಮೇಲಿದ್ದ ಕಲ್ಲುಕಂಬದ ಸೇತುವೆಯನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಜಹಗೀರುದಾರ ರಾಮಸ್ವಾಮಿ ಮೊದಲಿಯಾರರು ಜೀರ್ಣೋದ್ಧಾರ ಮಾಡಿಸಿದ ಸಂಗತಿಯನ್ನು ಈ ಸೀಮೆಯವರು ಬಲ್ಲರು. ಸೇತುವೆಗೆ ಎರಡು ದಡಗಳೂ ಸಮಾನವಾಗಿ ಬೇಕು. ನಡುವಣ ಕಂಬಗಳು ಎಷ್ಟೇ ಗಟ್ಟಿಯಾಗಿದ್ದರೂ ಈಚೆಯ ದಡದ ಕಟ್ಟೆಯು ಕುಸಿದರೆ ದಾರಿಹೋಕನು ಮನೆಯನ್ನು ಸೇರಲಾರನು.

ಮಾರನೆಯ ವರ್ಷ, 2021ರಲ್ಲಿ, ರೋಗದ ಎರಡನೆಯ ಅಲೆಯು ಬಂದಾಗ ಈ ಮಾತು ಚಾಮರಾಜನಗರ ಜಿಲ್ಲೆಯಲ್ಲಿ ಪ್ರತ್ಯಕ್ಷವಾಯಿತು. ರೋಗಿಗಳಿಗೆ ಬೇಕಾದ ಆಮ್ಲಜನಕವು ದೇಶದಲ್ಲೆಲ್ಲ ಸಾಲದೆ ಹೋಯಿತು. ಜಿಲ್ಲಾಸ್ಪತ್ರೆಗೆ ಸಿಲಿಂಡರುಗಳು ಮೈಸೂರಿನಿಂದ ಬರಬೇಕಾಗಿತ್ತು. ಮೇ 2 ಮತ್ತು 3ರ ನಡುವಣ ಹಗಲುರಾತ್ರಿಗಳಲ್ಲಿ ಆ ಆಸ್ಪತ್ರೆಯಲ್ಲಿ 24 ಮಂದಿ ಮೃತರಾದರು. ಮರಣಗಳಿಗೆ ಆಮ್ಲಜನಕದ ಕೊರತೆಯೇ ಕಾರಣವೆಂದು ಉಚ್ಚನ್ಯಾಯಾಲಯವು ನೇಮಿಸಿದ ಸಮಿತಿಯು ಅನಂತರ ತಿಳಿಸಿತು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಜನರಿಗೆ ಆ ಆಸ್ಪತ್ರೆಯೇ ಕಡೆಯ ಆಸರೆಯಾಗಿದ್ದುದರಿಂದ ಆ ರಾತ್ರಿಯ ಶೋಕವು ಇಲ್ಲಿಯ ಶೋಕವೂ ಆಗಿತ್ತು. ಅದನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲ.

ಅದೇ ದಿನಗಳಲ್ಲಿ ನೌಕಾಪಡೆಯು ಸಮುದ್ರಸೇತುವನ್ನು ಎರಡನೆಯ ಸಲ ಕಟ್ಟತೊಡಗಿತ್ತು. ಈ ಬಾರಿ ಮನುಷ್ಯರನ್ನು ತರುವುದಕ್ಕಲ್ಲ, ಮನುಷ್ಯರ ಉಸಿರನ್ನು ತರುವುದಕ್ಕೆ. ಆಮ್ಲಜನಕವನ್ನು ಸೊನ್ನೆಗಿಂತ 183 ಡಿಗ್ರಿ ಕೆಳಗಿನ ಶೈತ್ಯಕ್ಕಿಳಿಸಿದರೆ ಅದು ನೀರಿನಂತೆ ದ್ರವವಾಗುತ್ತದೆ. ಒಂದು ಲೀಟರು ದ್ರವವು ಮತ್ತೆ ಅನಿಲವಾದಾಗ ಎಂಟುನೂರು ಲೀಟರಿಗಿಂತ ಹೆಚ್ಚಾಗುವುದು; ಆದುದರಿಂದ ದೂರಕ್ಕೆ ಸಾಗಿಸಲು ದ್ರವರೂಪವೇ ಲೇಸು. ಆದರೆ ಅದನ್ನು ತುಂಬುವ ಇಬ್ಬರಿಗೋಡೆಯ ತೊಟ್ಟಿಗಳು ಬಹಳ ಭಾರವಾದವು. ಇಂತಹವುಗಳನ್ನು ಹೊರಲು, ಟ್ಯಾಂಕುಗಳಿಗೆಂದೇ ನೆಲವನ್ನು ಗಟ್ಟಿಮಾಡಿದ ಹಡಗಿಗಿಂತ ತಕ್ಕದ್ದು ಯಾವುದು? ಮೇ 5ರಂದು ‘ತಲ್ವಾರ್’ ಎಂಬ ಯುದ್ಧನೌಕೆಯು ಬಹ್ರೇನಿನಿಂದ 54 ಟನ್ನು ದ್ರವ ಆಮ್ಲಜನಕವನ್ನು ಮಂಗಳೂರಿನ ಹೊಸ ಬಂದರಿಗೆ ತಂದಿತು. ಬಳಿಕ ‘ಕೋಲ್ಕತಾ’, ‘ಕೊಚ್ಚಿ’, ‘ತಾಬರ್’ ನೌಕೆಗಳು ಬಂದವು. ತಿಂಗಳ ಕೊನೆಯ ವಾರದಲ್ಲಿ ಶಾರ್ದೂಲವು ಕುವೈತ್ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳಿಂದ ಆಮ್ಲಜನಕದ ತೊಟ್ಟಿಗಳನ್ನೂ ಸಿಲಿಂಡರುಗಳನ್ನೂ ಹೊತ್ತು ಅದೇ ಬಂದರನ್ನು ಸೇರಿತು.

ತಲ್ವಾರ್ ಮಂಗಳೂರಿಗೆ ಬಂದದ್ದು ಚಾಮರಾಜನಗರದ ದುರಂತವಾದ ಎರಡು ದಿನಗಳಿಗೆ. ಶಾರ್ದೂಲವು ಬಂದದ್ದು ಮೂರು ವಾರಗಳಿಗೆ. ಈ ಹೋಲಿಕೆಯಿಂದ ನಾವಿಕರ ಮೇಲೆ ದೋಷವನ್ನು ಹೊರಿಸುವುದು ಅನ್ಯಾಯ. ಅವರು ಸಾವಿರಾರು ಕಿಲೋಮೀಟರಿನ ಕಡಲನ್ನು ದಾಟಿ, ತಮಗೆ ವಹಿಸಿದ್ದನ್ನು ವಹಿಸಿದ ಸ್ಥಳಕ್ಕೆ ತಲುಪಿಸಿದರು. ಆದರೆ ಮಂಗಳೂರಿನ ಬಂದರಿನಿಂದ ಕೊಳ್ಳೇಗಾಲಕ್ಕೆ ಸುಮಾರು 300 ಕಿಲೋಮೀಟರು. ಮೈಸೂರಿನಿಂದ ಜಿಲ್ಲಾಸ್ಪತ್ರೆಗೆ ಅದರ ಕಾಲುಭಾಗವೂ ಇಲ್ಲ. ಆ ಚಿಕ್ಕ ಅಂತರವೇ ಮೇ 2ರ ರಾತ್ರಿ ದಾಟಲಾರದ ಸಾಗರವಾಯಿತು. ಕಾಕ್ಸ್ ಬಜಾರಿನಲ್ಲಿ ಮರಳುದಿಣ್ಣೆಗೂ ದಡಕ್ಕೂ ನಡುವೆ ಇದ್ದಂತಹ ಆಳವು ಒಳನಾಡಿನಲ್ಲಿಯೂ ಇರಬಲ್ಲದು. ಅದು ಕಣ್ಣಿಗೆ ಕಾಣದಿರುವುದರಿಂದ ಇನ್ನೂ ಅಪಾಯಕರ.

ಶಾರ್ದೂಲವು ಈಚಿನ ವರ್ಷಗಳಲ್ಲಿ ಕೊಚ್ಚಿಯ ನೌಕಾತರಬೇತಿ ಪಡೆಯಲ್ಲಿ ಸೇರಿ, ಹೊಸದಾಗಿ ಸೇರಿದ ತರುಣರಿಗೆ ಕಡಲಿನ ವಿದ್ಯೆಯನ್ನು ಕಲಿಸುವ ಪಾಠಶಾಲೆಯಾಗಿದೆ. ಹಳೆಯ ಹೆಸರಿನ ಮಗರವು 36 ವರ್ಷಗಳ ಸೇವೆಯನ್ನು ಮುಗಿಸಿ 2023ರ ಮೇ 6ರಂದು ವಿಶ್ರಾಂತಿ ಪಡೆಯಿತು. ಶಾರ್ದೂಲಕ್ಕೂ ಅಂತಹ ದಿನವೊಂದು ಬರುವುದು, ಉಕ್ಕಿಗೆ ಆಯುಸ್ಸುಂಟು. ಆಗ ಅದರ ಸೇವಾಪುಸ್ತಕವನ್ನು ತೆರೆದು ಲೆಕ್ಕಹಾಕುವವರು, ಎಷ್ಟು ಟ್ಯಾಂಕುಗಳನ್ನು ಯಾವ ದಂಡೆಗಿಳಿಸಿತೆಂದು ಕೇಳುವುದಕ್ಕಿಂತ, ಅಂತ್ಸಿರಾನಾನಾದ ಅಕ್ಕಿಯನ್ನೂ, ಪೋರಬಂದರಿನಲ್ಲಿ ಇಳಿದ 233 ಮಂದಿಯನ್ನೂ, ಮಂಗಳೂರಿನಲ್ಲಿ ಇಳಿಸಿದ ಪ್ರಾಣವಾಯುವನ್ನೂ ಮುಂದಿಟ್ಟು ಎಣಿಸುವರು.

ಹಡಗಿನ ಚರಿತ್ರೆಯು ದಂಡೆಯಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದಿನದು ನೆಲದವರ ಚರಿತ್ರೆ. ತುಂಬಿದ ಸಿಲಿಂಡರು ಖಾಲಿಯಾಗುವ ಮುನ್ನ ಲೆಕ್ಕವಿಡುವ ಗುಮಾಸ್ತ, ರಾತ್ರಿಯಲ್ಲಿ ಲಾರಿಯನ್ನು ನಡೆಸುವ ಚಾಲಕ, ಕೇಳಿದೊಡನೆ ಉತ್ತರಕೊಡುವ ಅಧಿಕಾರಿ, ತಾಲ್ಲೂಕಿನ ಆಸ್ಪತ್ರೆಯಲ್ಲಿಯೇ ಪ್ರಾಣವಾಯುವಿನ ಸಂಗ್ರಹವಿರಬೇಕೆಂದು ಬಿಡದೆ ಕೇಳುವ ಊರಿನ ಗೃಹಸ್ಥ, ಇವರೆಲ್ಲರೂ ಆ ಸೇತುವಿನ ಈಚೆಯ ಕಟ್ಟೆಯ ಕಲ್ಲುಗಳು. ಕಡಲನ್ನು ಕಾಣದ ಕೊಳ್ಳೇಗಾಲ, ಹನೂರು, ಯಳಂದೂರುಗಳಿಗೆ ಶಾರ್ದೂಲದ ವೃತ್ತಾಂತವು ಹೇಳುವುದು ಇಷ್ಟನ್ನೇ: ದೂರದ ನೀರನ್ನು ದಾಟುವವರು ದಾಟಿ ಬರುವರು, ಹತ್ತಿರದ ನೆಲವನ್ನು ದಾಟಿಸುವ ಭಾರವು ನೆಲದವರದು.